ಬಿಚ್ಚಲು ಬಾರದ ಫೋನು, 28 ದಿನದ ತಿಂಗಳು

ನೋಕಿಯಾ 1100 ಎಂಬ ಫೋನು 2003ರಲ್ಲಿ ಬಂತು. ತಲೆಯ ಮೇಲೊಂದು ಸಣ್ಣ ಟಾರ್ಚು, ಗುಂಡಿಗಳ ಸಂದಿಗೆ ಧೂಳು ಇಳಿಯದಂತೆ ಮುಚ್ಚಿದ ಕೀಪ್ಯಾಡು, ಒದ್ದೆ ಕೈಯಿಂದ ಜಾರದಂತೆ ಒರಟು ಮಾಡಿದ ಅಂಚು. ಹಿಂಬದಿಯ ಮುಚ್ಚಳ ಹೆಬ್ಬೆರಳಿಗೇ ಬಿಚ್ಚುತ್ತಿತ್ತು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ನಮ್ಮ ಸಿದ್ದಾಪುರದ ಕಡೆ ಬಹಳ ಮಂದಿ ಅದನ್ನು ಕೊಂಡದ್ದು ಟಾರ್ಚಿಗಾಗಿಯೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ಬದುಕು ಕಟ್ಟಿಕೊಂಡ ಊರಿದು. ಕಾರಟಗಿ, ಗಂಗಾವತಿ ಸುತ್ತಲಿನ ನೆಲ್ಲಿನ ಗದ್ದೆಗಳಿಗೆ ಸರದಿಯ ನೀರು ಹಗಲು ನೋಡಿಕೊಂಡು ಬರುವುದಿಲ್ಲ. ನಡುರಾತ್ರಿ ಒಡ್ಡಿನ ಮೇಲೆ ಕಾಲಿಡುವವನಿಗೆ ಮುಂದೆ ಬಿದ್ದಿರುವುದು ಹಗ್ಗವೋ ಹಾವೋ ಗೊತ್ತಾಗಬೇಕು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸಲಿಕೆ ಹಿಡಿದು ನೀರು ಕಟ್ಟಿ ಬಂದವರ ಒಂದು ತಲೆಮಾರೇ ಇಲ್ಲಿದೆ.

ಆ ಫೋನನ್ನು ರೂಪಿಸಿದವರು ಸಿದ್ದಾಪುರವನ್ನು ನೋಡಿರಲಿಲ್ಲ. ಆದರೂ ಧೂಳು, ಬೆವರು, ಕರೆಂಟಿಲ್ಲದ ರಾತ್ರಿ, ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇಲ್ಲದ ಊರು, ಇವೆಲ್ಲ ಅವರ ಮನಸ್ಸಿನಲ್ಲಿದ್ದವು. ಇಂಥವರಿಗೆಂದು ಯೋಚಿಸಿ ಮಾಡಿದ ವಸ್ತು ಅಗ್ಗವಾಗಿಯೂ ಇರಬಹುದು, ಕಂಪನಿಗೆ ಲಾಭವನ್ನೂ ತರಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಇವತ್ತಿನ ಫೋನುಗಳನ್ನೂ ಅವುಗಳಿಗೆ ಹಾಕಿಸುವ ಕರೆನ್ಸಿಯನ್ನೂ ನೋಡುವಾಗ ನನಗೆ ಕಾಡುವುದು ಇದೇ. ವಸ್ತುವನ್ನು ಹೇಗೆ ಮಾಡುತ್ತಾರೆ ಎಂಬುದಕ್ಕೂ ಅದಕ್ಕೆ ನಾವು ಎಷ್ಟು ತೆರುತ್ತೇವೆ ಎಂಬುದಕ್ಕೂ ನೇರ ನಂಟಿದೆ. ಮಾಡುವಾಗ ಕಂಪನಿ ಉಳಿಸಿಕೊಂಡ ಖರ್ಚು ಎಲ್ಲಿಗೂ ಹೋಗುವುದಿಲ್ಲ. ಡಬ್ಬಿಯ ಮೇಲೆ ಅಚ್ಚಾದ ಬೆಲೆಯಿಂದ ಅದು ಕಣ್ಮರೆಯಾಗಿ, ಎರಡು ಮೂರು ವರ್ಷಗಳಲ್ಲಿ ನಮ್ಮ ಜೇಬಿನಿಂದ ಚೂರುಚೂರಾಗಿ ವಸೂಲಾಗುತ್ತದೆ.

ಬ್ಯಾಟರಿಯನ್ನೇ ನೋಡಿ. ಬಸ್ ಸ್ಟ್ಯಾಂಡ್ ಬಳಿಯ ಯಾವ ರಿಪೇರಿ ಅಂಗಡಿಯ ಮುಂದೆಯಾದರೂ ಅರ್ಧ ತಾಸು ನಿಂತರೆ ಈ ಕೆಲಸ ಕಾಣಸಿಗುತ್ತದೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿರುವ ಫೋನು. ಹುಡುಗ ಮೊದಲು ಅದನ್ನು ಬಿಸಿ ತಟ್ಟೆಯ ಮೇಲಿಡುತ್ತಾನೆ, ಅಂಟು ಸಡಿಲಾಗಬೇಕಲ್ಲ. ಆಮೇಲೆ ರಬ್ಬರ್ ಬಟ್ಟಲನ್ನು ಗಾಜಿಗೆ ಒತ್ತಿ ಮೆಲ್ಲಗೆ ಎಳೆದು, ಕೂದಲೆಳೆಯಷ್ಟು ಸಂದಿ ಬಿದ್ದ ಕೂಡಲೇ ತೆಳು ಪ್ಲಾಸ್ಟಿಕ್ ಚೂರು ತೂರಿಸಿ, ಸ್ಪಿರಿಟ್ ಹನಿಸುತ್ತಾ ಅಂಚಿನುದ್ದಕ್ಕೂ ಸರಿಸುತ್ತಾ ಹೋಗುತ್ತಾನೆ. ಒಳಗೆ ಬ್ಯಾಟರಿಯೂ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಅದನ್ನು ಮೀಟಿ ಎಬ್ಬಿಸುವಾಗ ಬಾಗಿದರೆ ಬೆಂಕಿಯ ಭಯ, ಪಕ್ಕದ ಫ್ಲೆಕ್ಸ್ ಪಟ್ಟಿ ಹರಿದರೆ ಇನ್ನೊಂದು ಖರ್ಚು. ಅದಕ್ಕೇ ಕೆಲಸ ಹಿಡಿಯುವ ಮೊದಲೇ ಅವನ ಮಾತು ಬರುತ್ತದೆ: “ತೆಗಿಯುವಾಗ ಕಾಂಬೊ ಹೋದ್ರ ನಾ ಜವಾಬ್ದಾರ ಅಲ್ರೀ ಅಣ್ಣಾ.” ಕಾಂಬೊ ಎಂದರೆ ಒಟ್ಟಿಗೆ ಅಂಟಿಸಿದ ಡಿಸ್‌ಪ್ಲೇ ಮತ್ತು ಟಚ್. ಅಗ್ಗದ ಫೋನಿನಲ್ಲಿ ಕಾಂಬೊ ಹೋಯಿತೆಂದರೆ ಫೋನೇ ಹೋದಂತೆ. ನಾವು ತಲೆಯಾಡಿಸಿ ಹೂಂ ಎನ್ನುತ್ತೇವೆ. ಹಿಂದೆ ಬಳಸುವವನೇ ಅರೆಗಳಿಗೆಯಲ್ಲಿ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ಈಗ ಇಷ್ಟು ಸಲಕರಣೆ, ಇಷ್ಟು ಕೈಚಳಕ, ಇಷ್ಟು ಆತಂಕ.

ಬ್ಯಾಟರಿ ಸವೆಯುವುದು ಆಕಸ್ಮಿಕವಲ್ಲ. ಲಿಥಿಯಂ ಬ್ಯಾಟರಿ ಚಾರ್ಜ್ ಆಗಿ ಖಾಲಿಯಾದಷ್ಟೂ ಸಲ ಶಕ್ತಿ ಕಳೆದುಕೊಳ್ಳುತ್ತದೆ. ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾದರಿಗಳ ಬ್ಯಾಟರಿ 500 ಪೂರ್ತಿ ಚಾರ್ಜುಗಳ ನಂತರ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಐಫೋನ್ 15ರಿಂದ ಅದು 1,000ಕ್ಕೆ ಏರಿತು. ಬಿಸಿಲು ಹೆಚ್ಚಿದಷ್ಟೂ ಸವೆತ ಬೇಗ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಕೊಪ್ಪಳ ಸೀಮೆಯಲ್ಲಿ ಅಂಗಿಯ ಜೇಬಿನಲ್ಲೋ ಟ್ರ್ಯಾಕ್ಟರಿನ ಡಬ್ಬಿಯಲ್ಲೋ ಕೂತ ಫೋನಿನ ಬ್ಯಾಟರಿಗೆ ಎರಡು ವರ್ಷವೇ ಹೆಚ್ಚು. ಸವೆಯುವ ಭಾಗ ಇದು ಎಂದು ತಿಳಿದೂ ಅದನ್ನೇ ಬಿಚ್ಚಲು ಬಾರದಂತೆ ಅಂಟಿಸುವುದು ನನಗೆ ಒಪ್ಪಿಗೆಯಾಗದ ಸಂಗತಿ.

ನೀರು, ಧೂಳು ಒಳಗೆ ಹೋಗಬಾರದೆಂದು ಅಂಟಿಸುತ್ತೇವೆ ಎಂಬ ಉತ್ತರವಿದೆ. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಆ ಮಾತಿನ ಬೆಲೆ ಗೊತ್ತು, ತಳ್ಳಿಹಾಕುವಂಥದ್ದಲ್ಲ. ಆದರೆ 2014ರಲ್ಲಿ ಸ್ಯಾಮ್‌ಸಂಗ್ ಕಂಪನಿ ತಂದ ಗ್ಯಾಲಕ್ಸಿ ಎಸ್5 ನೀರು ನಿರೋಧಕವೂ ಆಗಿತ್ತು, ಅದರ ಹಿಂದಿನ ಮುಚ್ಚಳ ಉಗುರಿನಿಂದ ಬಿಚ್ಚಿ ಬ್ಯಾಟರಿ ತೆಗೆಯಲೂ ಬರುತ್ತಿತ್ತು. ಮುಚ್ಚಳದ ಒಳಸುತ್ತಿಗೆ ಒಂದು ರಬ್ಬರ್ ಪಟ್ಟಿ ಇತ್ತು, ಅಷ್ಟೆ. ಮುಂದಿನ ವರ್ಷದ ಮಾದರಿಯಲ್ಲಿ ಅದು ಮಾಯವಾಯಿತು. ಹತ್ತು ವರ್ಷದ ಹಿಂದೆ ಸಾಧ್ಯವಾದದ್ದು ಈಗ ಅಸಾಧ್ಯವೆಂದರೆ ನಂಬುವುದು ಕಷ್ಟ. ಯುರೋಪ್ ಒಕ್ಕೂಟವೂ ನಂಬಲಿಲ್ಲ. ಸಾಧನಗಳಲ್ಲಿನ ಬ್ಯಾಟರಿಯನ್ನು ಬಳಸುವವನೇ ಬದಲಿಸಿಕೊಳ್ಳುವಂತಿರಬೇಕು ಎಂಬ ಅದರ ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರುವರಿ 18ರಿಂದ ಜಾರಿಗೆ ಬರಲಿದೆ.

ರಿಪೇರಿಯ ದಾರಿಯನ್ನು ಕಟ್ಟುವಾಗಲೇ ಯೋಚಿಸಬೇಕು ಎಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳ ಆ ಅಣೆಕಟ್ಟಿಗೆ, ಒಂದು ಗೇಟು ಕೆಟ್ಟಾಗ ಅದರ ಮುಂದೆ ಅಡ್ಡ ಇಳಿಸಿ ನೀರು ತಡೆಯುವ ಸ್ಟಾಪ್‌ಲಾಗ್ ವ್ಯವಸ್ಥೆಯೇ ಇರಲಿಲ್ಲ. ಗೇಟು ಕೂರಿಸಲು ನೀರು ಇಳಿಯಬೇಕು, ನೀರು ಇಳಿದರೆ ಬೆಳೆ ಹೋಗುತ್ತದೆ. ಎರಡೂ ದಂಡೆಯ ರೈತರು ಆ ವಾರ ಕಳೆದದ್ದು ಹೇಗೆಂದು ಇಲ್ಲಿನ ಪ್ರತಿ ಮನೆಗೂ ನೆನಪಿದೆ. ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಾರರು ಹರಿಯುವ ನೀರಿನಲ್ಲೇ ಉಕ್ಕಿನ ತಾತ್ಕಾಲಿಕ ಗೇಟನ್ನು ತುಂಡುತುಂಡಾಗಿ ಇಳಿಸಿ ಕಾಲುವೆಯ ಭರವಸೆ ಉಳಿಸಿದರು. ಅಣೆಕಟ್ಟು ಕಟ್ಟಿ ಮುಗಿದದ್ದು 1950ರ ದಶಕದಲ್ಲಿ, ಆಗಿನ ತಿಳಿವಳಿಕೆಯಲ್ಲಿ. ಇವತ್ತಿನ ಫೋನ್ ಕಂಪನಿಗಳಿಗೆ ಆ ನೆವವೂ ಇಲ್ಲ.

ಡಬ್ಬಿಯಿಂದ ಚಾರ್ಜರ್ ತೆಗೆದ ಕತೆ ಎಲ್ಲರಿಗೂ ಗೊತ್ತಿರುವುದೇ. 2020ರ ಅಕ್ಟೋಬರಿನಲ್ಲಿ ಐಫೋನ್ 12ರೊಂದಿಗೆ ಆಪಲ್ ಶುರುಮಾಡಿತು, ಪರಿಸರದ ಕಾರಣ ಕೊಟ್ಟಿತು. 2021ರ ಜನವರಿಯಲ್ಲಿ ಸ್ಯಾಮ್‌ಸಂಗ್ ಹಿಂಬಾಲಿಸಿತು. ಲಕ್ಷದ ಸಮೀಪದ ಫೋನು ಕೊಳ್ಳುವವರ ಮನೆಯಲ್ಲಿ ಮೂರು ಚಾರ್ಜರ್ ಇರಬಹುದು. ಆದರೆ ಆ ಪದ್ಧತಿ ಹದಿನೈದು ಇಪ್ಪತ್ತು ಸಾವಿರದ ಫೋನುಗಳಿಗೂ ಇಳಿಯಿತು. ಗುಂಡಿ ಫೋನಿನಿಂದ ಮೊದಲ ಸಲ ಸ್ಮಾರ್ಟ್‌ಫೋನಿಗೆ ಬರುವವರ ಮನೆಯಲ್ಲಿ ಹೊಸ ಪಿನ್ನಿನ ವೇಗದ ಚಾರ್ಜರ್ ಎಲ್ಲಿಂದ ಬರಬೇಕು? ಅವರು ನೂರೈವತ್ತು ರೂಪಾಯಿಯ ನಕಲಿ ಚಾರ್ಜರ್ ಕೊಳ್ಳುತ್ತಾರೆ, ಕರೆಂಟು ಏರಿಳಿಯುವ ಊರಿನಲ್ಲಿ ಅದನ್ನೇ ರಾತ್ರಿಯಿಡೀ ಹಚ್ಚಿಡುತ್ತಾರೆ.

ಮೆಮೊರಿ ಕಾರ್ಡಿನ ಜಾಗ ಮುಚ್ಚಿದ್ದೂ ಇದೇ ಲೆಕ್ಕ. 2023ರಲ್ಲಿ ಐಫೋನ್ 15 ಭಾರತಕ್ಕೆ ಬಂದಾಗ 128 ಜಿಬಿಯದಕ್ಕೆ 79,900 ರೂಪಾಯಿ, 256 ಜಿಬಿಗೆ 89,900, 512 ಜಿಬಿಗೆ 1,09,900. ಮೊದಲ ಮೆಟ್ಟಿಲು ಹತ್ತಲು 10,000, ಮುಂದಿನದಕ್ಕೆ 20,000. ಸಾವಿರ ರೂಪಾಯಿ ಆಸುಪಾಸಿನಲ್ಲಿ 128 ಜಿಬಿ ಕಾರ್ಡು ಸಿಗುತ್ತಿದ್ದ ಕಾಲವದು. ಫೋನಿನೊಳಗಿನ ಮೆಮೊರಿ ಕಾರ್ಡಿಗಿಂತ ವೇಗದ್ದು ನಿಜ, ಆದರೆ ಈ ಅಂತರಕ್ಕೆ ವೇಗವೊಂದೇ ಕಾರಣವೆಂದು ನಾನು ಒಪ್ಪಲಾರೆ. ಕಾರ್ಡು ಹಾಕಲು ಕಿಂಡಿ ಬಿಟ್ಟರೆ ಈ ಮೆಟ್ಟಿಲುಗಳನ್ನು ಯಾರೂ ಹತ್ತುವುದಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟವು. ಅದೇ ವರ್ಷ ಸ್ಯಾಮ್‌ಸಂಗ್ ತನ್ನ ಅಗ್ಗದ ಗ್ಯಾಲಕ್ಸಿ ಎ16 ಫೋನಿಗೂ 6 ವರ್ಷ ಎಂದಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಳೆಯ ಆಂಡ್ರಾಯ್ಡ್ ಎಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಆ್ಯಪ್ ತೆರೆಯದೆ, ಚೆನ್ನಾಗಿದ್ದ ಫೋನನ್ನು ಎತ್ತಿಟ್ಟವರು ನಮ್ಮೂರಿನಲ್ಲಿ ಬಹಳ ಮಂದಿ. ಈಗ ತಂತ್ರಾಂಶಕ್ಕೆ 6–7 ವರ್ಷ ಆಯುಷ್ಯ ಬಂದಿದೆ. ಅದರೊಳಗಿನ ಬ್ಯಾಟರಿ ಎರಡು ಸಲವಾದರೂ ಬದಲಾಗಲೇಬೇಕು, ಹಾಗಿದ್ದೂ ಮುಚ್ಚಳ ಮಾತ್ರ ಅಂಟಿದ್ದು ಅಂಟಿದಂತೆಯೇ ಇದೆ.

ಇನ್ನು ಕರೆನ್ಸಿ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಫೋನು ಮೂರು ವರ್ಷಕ್ಕೊಮ್ಮೆ ಕೊಳ್ಳುವಂಥದ್ದು, ಕರೆನ್ಸಿ ತಪ್ಪದೆ ಮತ್ತೆ ಮತ್ತೆ ಹಾಕಿಸುವಂಥದ್ದು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದಾಗ ಡೇಟಾ ಬೆಲೆ ನೆಲಕ್ಕಿಳಿಯಿತು. ಹಳ್ಳಿಯ ಹುಡುಗರು ಪರೀಕ್ಷೆಗೆ ಓದಿದ್ದು, ನೆಲ್ಲಿನ ದರವನ್ನು ಗಂಗಾವತಿಗೆ ಹೋಗದೆಯೇ ತಿಳಿದುಕೊಂಡದ್ದು ಆಮೇಲೆ. ಆ ಉಪಕಾರ ದೊಡ್ಡದು. ಆದರೆ ಆ ಪೈಪೋಟಿಯಲ್ಲಿ ಖಾಸಗಿ ಕಂಪನಿಗಳು ಬಹುತೇಕ ಮೂರಕ್ಕಿಳಿದವು, ಮಾತಾಡುವುದನ್ನೂ ಡೇಟಾವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ಪದ್ಧತಿ ನೆಲೆಯೂರಿತು. ಜೊತೆಗೆ 28 ದಿನದ ತಿಂಗಳು. 28ನ್ನು 13ರಿಂದ ಗುಣಿಸಿದರೆ 364. ಅಂದರೆ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳಿದ್ದರೂ ಕರೆನ್ಸಿ ಹದಿಮೂರು ಸಲ. ಈ ಬಗ್ಗೆ ದೂರುಗಳು ಬಂದು, 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 30 ದಿನದ ಪ್ಯಾಕು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಯಾಕು ತಲಾ ಒಂದಾದರೂ ಇರಲೇಬೇಕೆಂದು ಆದೇಶಿಸಿತು. ಆ ಪ್ಯಾಕುಗಳು ಬಂದವು. ಆದರೆ ಅಂಗಡಿಯ ಗೋಡೆಗೆ ಅಂಟಿಸುವ ಚೀಟಿಯಲ್ಲಿ, ಆ್ಯಪಿನ ಮೊದಲ ಸಾಲುಗಳಲ್ಲಿ 28, 56, 84 ಎಂಬ ಅಂಕಿಗಳೇ ಉಳಿದವು.

ಇದು ನಮ್ಮ ಕಡೆ ಎಲ್ಲಿ ಚುಚ್ಚುತ್ತದೆಂದರೆ ಮೋಟಾರಿನ ಮೊಬೈಲ್ ಸ್ಟಾರ್ಟರಿನಲ್ಲಿ. ಕಂಬದ ಡಬ್ಬಿಯೊಳಗೆ ಕೂರುವ ಸಾಧನವಿದು, ಒಳಗೊಂದು ಸಿಮ್ ಇರುತ್ತದೆ. ತ್ರೀಫೇಸ್ ಕರೆಂಟು ಬಂತೋ ಇಲ್ಲವೋ ಎಂದು ತೋಟದ ದಾರಿ ಹಿಡಿಯುವ ಬದಲು ಮನೆಯಿಂದಲೇ ಆ ನಂಬರಿಗೆ ಫೋನು ಮಾಡಿ ಗುಂಡಿ ಒತ್ತಿದರೆ ಮೋಟಾರು ಶುರು. ಒಂದು ಫೇಸ್ ಹೋದರೆ, ಬೋರಿನಲ್ಲಿ ನೀರು ಬತ್ತಿದರೆ ತಾನೇ ನಿಂತು ಮೆಸೇಜ್ ಕಳಿಸುತ್ತದೆ. ಕತ್ತಲಲ್ಲಿ ಒದ್ದೆ ನೆಲದ ಮೇಲೆ ನಿಂತು ಸ್ಟಾರ್ಟರ್ ಮುಟ್ಟುವ ಅಪಾಯವನ್ನು ತಪ್ಪಿಸಿದ, ನಿಜವಾಗಿ ರೈತನ ಕಷ್ಟ ತಿಳಿದು ಮಾಡಿದ ಯಂತ್ರ. ಅದರ ಸಿಮ್ಮಿಗೆ ಬೇಕಾದದ್ದು ಒಳಬರುವ ಕರೆ, ಒಂದೆರಡು ಮೆಸೇಜು. ಒಂದು ಚೂರು ಡೇಟಾವೂ ಬೇಡ.

ಹಿಂದೆ ಇಂಥ ಸಿಮ್ಮಿಗೆ ಹತ್ತಿಪ್ಪತ್ತು ರೂಪಾಯಿ ಹಾಕಿಟ್ಟರೆ ತಿಂಗಳುಗಟ್ಟಲೆ ನಡೆಯುತ್ತಿತ್ತು. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ, 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಸೇವೆ ನಿಲ್ಲುತ್ತದೆ ಎಂಬ ಪದ್ಧತಿ ತಂದವು. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೆರಡು ದಿನದ ಅಂತರದಲ್ಲಿ ದರ ಏರಿಸಿದಾಗ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾಗಳ 179 ರೂಪಾಯಿಯ 28 ದಿನದ ಪ್ಯಾಕು 199 ಆಯಿತು, ಜಿಯೊದ 155ರ ಪ್ಯಾಕು 189 ಆಯಿತು. 199ರಂತೆ 13 ಸಲ ಎಂದರೆ ವರ್ಷಕ್ಕೆ 2,587 ರೂಪಾಯಿ. 35ರ ಕಾಲದಲ್ಲಿ ಅದೇ ಲೆಕ್ಕ 455. 199ರ ಪ್ಯಾಕಿನ ಜೊತೆಗೆ 2 ಜಿಬಿ ಡೇಟಾ ಬರುತ್ತಿತ್ತು. ಕಂಬದ ಡಬ್ಬಿಯಲ್ಲಿ ಕೂತ ಸಿಮ್ ಅದನ್ನು ಏನು ಮಾಡಬೇಕು? ಬರೀ ಮಾತಿಗೆ ಫೋನು ಬಳಸುವ ಮನೆಯ ಹಿರಿಯರ ಸಿಮ್ಮಿನ ಕತೆಯೂ ಇದೇ.

2024ರ ಡಿಸೆಂಬರಿನಲ್ಲಿ ಟ್ರಾಯ್ ಇದನ್ನು ಗಮನಿಸಿ, ಡೇಟಾ ಇಲ್ಲದ, ಕರೆ ಮತ್ತು ಮೆಸೇಜಿಗೆ ಮಾತ್ರದ ಪ್ಯಾಕು ಕೊಡಲೇಬೇಕೆಂದು ನಿಯಮ ತಿದ್ದಿತು. ವಿಶೇಷ ಪ್ಯಾಕುಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365ಕ್ಕೆ ಏರಿಸಿತು. ಮರು ತಿಂಗಳು ಪ್ಯಾಕುಗಳು ಬಂದವು. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1,849 ರೂಪಾಯಿ. ಜಿಯೊದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ಮೊದಲಿಗಿಂತ ಕಡಿಮೆ, ಸಂಶಯವಿಲ್ಲ. ಆದರೆ ಅವಧಿಗಳನ್ನು ನೋಡಿ. ಡೇಟಾ ಬೇಡವೆನ್ನುವವರಲ್ಲಿ ಹೆಚ್ಚಿನವರು ಕೂಲಿಯವರು, ಮುದುಕರು, ಸಣ್ಣ ರೈತರು. ವಾರದ ಬಟವಾಡೆಯಲ್ಲಿ ಬದುಕುವವರಿಗೆ ಒಮ್ಮೆಗೇ 450 ತೆಗೆಯುವುದೇ ಭಾರ, 1,849 ಸುಗ್ಗಿ ಮುಗಿದು ರೈಸ್ ಮಿಲ್ಲಿನ ದುಡ್ಡು ಕೈಗೆ ಬಂದಾಗ ಮಾತ್ರ ಸಾಧ್ಯ. ಅವರ ಕೈಗೆಟುಕುವ ಒಂದು ತಿಂಗಳ ಅವಧಿಯಲ್ಲಿ ಆ ಪ್ಯಾಕು ಇರಲೇ ಇಲ್ಲ. ಕಡಿಮೆ ದುಡ್ಡು ಇರುವವನು ಹೆಚ್ಚು ದರ ತೆರುವಂತೆ ದರಪಟ್ಟಿ ಕಟ್ಟಿದ್ದಾರೆ. ಈ ಲೇಖನದಲ್ಲಿ ನಾನು ಎತ್ತಿದ ದೂರುಗಳಲ್ಲೆಲ್ಲ ನನ್ನನ್ನು ಹೆಚ್ಚು ನೋಯಿಸುವುದು ಇದೇ.

ಖಾಸಗಿ ಕಂಪನಿಗಳು ದರ ಏರಿಸಿದ 2024ರ ಜುಲೈ ತಿಂಗಳೊಂದರಲ್ಲೇ ಸರ್ಕಾರಿ ಬಿಎಸ್‌ಎನ್‌ಎಲ್‌ಗೆ ದೇಶದಾದ್ಯಂತ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಿದರು. ಜನ ಬೆಲೆಯನ್ನು ಗಮನಿಸುತ್ತಾರೆ, ದಾರಿಯಿದ್ದರೆ ಹೋಗುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಪಾಲುದಾರನಾಗಿರುವ ಸ್ವದೇಶಿ 4ಜಿ ಸಲಕರಣೆಗಳ ಮೇಲೆ ಬಿಎಸ್‌ಎನ್‌ಎಲ್ ಈಗ ನಿಂತಿದೆ. ಹಳ್ಳಿಗಳಲ್ಲಿ ಅದರ ಸಿಗ್ನಲ್ ಗಟ್ಟಿಯಾದಷ್ಟೂ ಉಳಿದವರ ದರಕ್ಕೆ ಕಡಿವಾಣ ಬೀಳುತ್ತದೆ.

ಫೋನಿನಲ್ಲಿ ಶುರುವಾದದ್ದು ಹೊಲಕ್ಕೂ ಬಂದಿದೆ. 2023ರ ಜನವರಿ 1ರಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಜಾರಿಯಾಯಿತು, ಆ ಎಂಜಿನ್ನುಗಳ ಡೀಸೆಲನ್ನು ಈಗ ಎಲೆಕ್ಟ್ರಾನಿಕ್ ಮೆದುಳು ಅಳೆದು ಬಿಡುತ್ತದೆ. ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಸೆನ್ಸರ್ ಕೆಟ್ಟು ದೀಪ ಹೊತ್ತಿಕೊಂಡರೆ, ಸ್ಪ್ಯಾನರ್ ಹಿಡಿದ ಊರಿನ ಮೆಕ್ಯಾನಿಕ್ ಏನೂ ಮಾಡುವಂತಿಲ್ಲ, ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಬರಬೇಕು. ಅಮೆರಿಕದ ರೈತರು ಜಾನ್ ಡಿಯರ್ ಯಂತ್ರಗಳ ವಿಷಯದಲ್ಲಿ ವರ್ಷಗಟ್ಟಲೆ ಹೋರಾಡಿದ್ದು ಇದಕ್ಕೇ. ತಪ್ಪು ಹುಡುಕುವ ತಂತ್ರಾಂಶ ಡೀಲರ್ ಕೈಯಲ್ಲಿ ಮಾತ್ರ ಇದ್ದರೆ ಯಂತ್ರ ಕೊಂಡವನು ಅದರ ಮಾಲೀಕ ಹೇಗಾದ ಎಂಬುದು ಅವರ ಪ್ರಶ್ನೆ. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ನೆಲ್ಲು ಮಾಗಿ ನಿಂತು, ಮಳೆ ಮೋಡ ಕವಿದು, ಕಟಾವಿನ ಮಷಿನ್ ಗದ್ದೆಯ ನಡುವೆ ನಿಂತುಬಿಟ್ಟರೆ ಕಳೆಯುವ ಒಂದೊಂದು ತಾಸಿನ ಬೆಲೆ ಏನೆಂದು ಗಂಗಾವತಿ ಸೀಮೆಯವರಿಗೆ ಗೊತ್ತು. ಆ ಹೋರಾಟ ಇಲ್ಲಿಗೂ ಬೇಕಾಗುವ ದಿನ ದೂರವಿಲ್ಲ.

ಭಾಷೆಯದೂ ವಿನ್ಯಾಸದ ಮಾತೇ. 2007ರಲ್ಲಿ ಬಂದ ಐಫೋನಿಗೆ ಕಂಪನಿ ಕನ್ನಡ ಕೀಲಿಮಣೆ ಸೇರಿಸಿದ್ದು 2017ರಲ್ಲಿ. ಅದೇ ನಮ್ಮ ಸಂತೆಯ ತರಕಾರಿ ಗಾಡಿಯ ಮೇಲಿರುವ ಪೇಮೆಂಟ್ ಸ್ಪೀಕರುಗಳು ಬಂದ ದುಡ್ಡನ್ನು ಕನ್ನಡದಲ್ಲೇ ಕೂಗುತ್ತವೆ. ವ್ಯಾಪಾರಕ್ಕೆ ಬೇಕೆನಿಸಿದಾಗ ಕನ್ನಡ ತರಲು ಯಾವ ಕಂಪನಿಗೂ ಕಷ್ಟವಾಗಿಲ್ಲ. ಆದರೆ ವಾರಂಟಿಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬ ಕಾಗದ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. 2011ರ ಪ್ಯಾಕೇಜ್ ಸರಕುಗಳ ನಿಯಮಗಳ ಪ್ರಕಾರ ಡಬ್ಬಿಯ ಮೇಲಿನ ಕಡ್ಡಾಯ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು.

ಕಾನೂನಿನಲ್ಲಿ ನಮಗೆ ಬಲವೇ ಇಲ್ಲವೆಂದಲ್ಲ. 2020ರ ಜುಲೈಯಲ್ಲಿ ಜಾರಿಯಾದ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸಿದ್ದಾಪುರದವರು ಬೆಂಗಳೂರಿಗೋ ದೆಹಲಿಗೋ ಅಲೆಯಬೇಕಿಲ್ಲ, ಕೊಪ್ಪಳ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕಂಪನಿಯೊಂದಿಗೆ ಮಾತಾಡುತ್ತದೆ. ಬಿಲ್ಲು ಬೇಕು, ಇಷ್ಟೇ. ಅಂಗಡಿಯವ “ಬಿಲ್ ಯಾಕ್ರಿ, ನಾ ಇಲ್ಲೇ ಇರ್ತೀನಲ್ಲ” ಎಂದರೂ ಬಿಡದೆ ಕೇಳಿ ಪಡೆಯಬೇಕು.

ಆದರೆ ದೂರು ಕೆಟ್ಟ ಮೇಲಿನ ಮಾತು. ಕೊಳ್ಳುವ ಮೊದಲೇ ತಿಳಿಯುವ ದಾರಿಯೊಂದನ್ನು ಫ್ರಾನ್ಸ್ 2021ರಲ್ಲಿ ತಂದಿತು. ಅಲ್ಲಿ ಫೋನಿನ ಬೆಲೆಯ ಪಕ್ಕದಲ್ಲೇ, ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂದು 10ಕ್ಕೆ ಅಂಕ ಹಾಕಿ ತೋರಿಸಬೇಕಾಗಿತ್ತು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಸಮಿತಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ದುರಸ್ತಿ ಸೂಚ್ಯಂಕದ ಚೌಕಟ್ಟು ರೂಪಿಸಲು ನೇಮಿಸಿದ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಫೋನುಗಳಿಂದಲೇ ಶುರುಮಾಡುವ ಆಲೋಚನೆ ಅದರದು. ಆ ಅಂಕ ಕಡ್ಡಾಯ ನಿಯಮವಾಗಿ ಬರಬೇಕು, ಕಂಪನಿಗಳ ಇಚ್ಛೆಗೆ ಬಿಡಬಾರದು. ಅಂಕದ ಕೆಳಗೆ ಬ್ಯಾಟರಿ ಮತ್ತು ಕಾಂಬೊ ಬೆಲೆ ರೂಪಾಯಿಯಲ್ಲಿ ಇರಲಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದನ್ನು ಕಂಪನಿಯ ಕೇಂದ್ರಕ್ಕೆ ಹೋಗದೆ ಊರಿನ ರಿಪೇರಿಯವನೂ ಕೊಳ್ಳಬಹುದೇ ಎಂಬುದೂ ಇರಲಿ. ಆ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚಾಗುವಂತೆ 2011ರ ನಿಯಮವನ್ನೂ ಅದೇ ಅಧಿಸೂಚನೆಯಲ್ಲಿ ತಿದ್ದಬಹುದು. ಎರಡನ್ನೂ ನೋಡಿಕೊಳ್ಳುವುದು ಅದೇ ಇಲಾಖೆ.